ಹುಡುಗರ ಸೈನಿಕ ಶಾಲೆಗೆ ಹುಡುಗಿಯರು ಬಂದಿದ್ದು ಹೇಗೆ

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ತಾಲೂಕು ಊರುಗಳ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬೋರ್ಡ್ ಕಣ್ಣಿಗೆ ಬಿದ್ದೇ ಬೀಳುತ್ತದೆ. 'ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಕೋಚಿಂಗ್' ಅಂತ. ನಾಲ್ಕೂ ವಸತಿ ಶಾಲೆಗಳ ಹೆಸರು. ನಾಲ್ಕಕ್ಕೂ ಐದನೇ ಕ್ಲಾಸಿನ ಮಕ್ಕಳೇ ಪರೀಕ್ಷೆ ಬರೆಯುವುದು. ನವೋದಯ, ಮೊರಾರ್ಜಿಗೆ ಗಂಡು ಹೆಣ್ಣು ಇಬ್ಬರೂ ಬರೆಯಬಹುದು. ಕಿತ್ತೂರು ಅಂದರೆ ಹುಡುಗಿಯರದ್ದು. ಸೈನಿಕ ಅಂದರೆ ಹುಡುಗರದ್ದು. ನಾನು ಚಿಕ್ಕವನಿದ್ದಾಗಿನಿಂದ ಎಲ್ಲರಿಗೂ ಗೊತ್ತಿದ್ದ ಲೆಕ್ಕ ಇದು.

ನನ್ನ ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು 2016ರಲ್ಲಿ ಐದನೇ ಕ್ಲಾಸು. ಓಟದಲ್ಲಿ, ಗಣಿತದಲ್ಲಿ ಮುಂದು. ಕೋಚಿಂಗಿಗೆ ಹೆಸರು ಬರೆಸಲು ಹೋದಾಗ ಅಲ್ಲಿನ ಸರ್, "ಸೈನಿಕ ಬ್ಯಾಚು ಗಂಡಹುಡುಗರಿಗೆ ಅಷ್ಟ ರೀ, ಈಕೀನ್ನ ಕಿತ್ತೂರಿಗೆ ಕೂಡಸ್ರಿ" ಅಂದರು. ಅವರದೇನೂ ತಪ್ಪಿಲ್ಲ. ಆಗ ನಿಯಮ ಇದ್ದದ್ದೇ ಹಾಗೆ. ಈಗ ಚಿಕ್ಕವಳ ಸರದಿ. ಅದೇ ಕೋಚಿಂಗು, ಅದೇ ಬೋರ್ಡು. ಈಕೆ ಕೂತಿರುವುದು ಮಾತ್ರ ಸೈನಿಕ ಬ್ಯಾಚಿನಲ್ಲಿ.

ಒಂದೇ ಮನೆಯ ಇಬ್ಬರು ಹುಡುಗಿಯರ ನಡುವೆ ಏನು ಬದಲಾಯಿತು? ಊರಲ್ಲಿ ನನ್ನನ್ನು ಇದನ್ನೇ ಕೇಳುತ್ತಾರೆ. ಹುಡುಗಿಯರನ್ನು ನಿಜವಾಗಿ ತಗೋತಾರಾ? ಎಷ್ಟು ಮಂದಿ? ಎಲ್ಲಿ ಮಲಗಿಸ್ತಾರೆ? ಮುಂದೆ ಮಿಲ್ಟ್ರಿಗೆ ಹೋಗಲೇಬೇಕಾ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ಮೊದಲು, ಈ ಶಾಲೆಗಳು ಹುಡುಗರಿಗೆ ಮಾತ್ರ ಯಾಕಿದ್ದವು ಅನ್ನುವುದನ್ನು ನೋಡೋಣ. ಅದು ಗೊತ್ತಾದರೆ ಬಾಗಿಲು ತೆರೆದಿದ್ದರ ಕಥೆ ತಾನಾಗಿಯೇ ತಿಳಿಯುತ್ತದೆ.

ಸೈನಿಕ ಶಾಲೆಗಳು ಶುರುವಾಗಿದ್ದು 1961ರಲ್ಲಿ. ಆಗ ರಕ್ಷಣಾ ಮಂತ್ರಿಯಾಗಿದ್ದ ವಿ.ಕೆ. ಕೃಷ್ಣ ಮೆನನ್ ಅವರ ಯೋಚನೆ ಅದು. ಸೇನೆಯಲ್ಲಿ ಅಧಿಕಾರಿಗಳಾಗುತ್ತಿದ್ದವರು ಹೆಚ್ಚಾಗಿ ಕೆಲವೇ ಪ್ರದೇಶದವರು, ಅನುಕೂಲಸ್ಥ ಮನೆಯವರು. ರೈತನ ಮಗ, ಗುಮಾಸ್ತನ ಮಗ ಜವಾನನಾಗಬಹುದಿತ್ತು, ಅಧಿಕಾರಿಯಾಗುವ ದಾರಿ ಮಾತ್ರ ಅವನಿಗೆ ಕಾಣುತ್ತಿರಲಿಲ್ಲ. ಆ ದಾರಿ ಅಂದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎಲ್ಲರ ಬಾಯಲ್ಲಿ ಎನ್‌ಡಿಎ. ಅಲ್ಲಿಗೆ ಬೇಕಾದ ಇಂಗ್ಲಿಷ್, ಗಣಿತ, ಮೈಕಟ್ಟು, ಧೈರ್ಯವಾಗಿ ಮಾತಾಡುವ ರೂಢಿ, ಇದೆಲ್ಲವನ್ನೂ ಸಾಮಾನ್ಯ ಮನೆಯ ಮಗುವಿಗೆ ಆರನೇ ಕ್ಲಾಸಿನಿಂದಲೇ ಕೊಡಬೇಕು ಅನ್ನುವುದು ಉದ್ದೇಶ. ನಮ್ಮ ವಿಜಯಪುರದ ಶಾಲೆ 1963ರಲ್ಲಿ ಆರಂಭವಾಯಿತು. ಕೊಡಗಿನ ಕೂಡಿಗೆಯಲ್ಲಿ, ಹಾರಂಗಿ ಕಾವೇರಿಯನ್ನು ಸೇರುವ ಜಾಗದ ಹತ್ತಿರ, ಎರಡನೆಯದು ಬಂದಿದ್ದು 2007ರಲ್ಲಿ.

ಎನ್‌ಡಿಎಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿಗೆ ಕಳಿಸುವುದಕ್ಕೆಂದೇ ಇರುವ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಯಾಕೆ ಅನ್ನುವುದು ಹಳೇ ತರ್ಕ. ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಅದನ್ನೇ ಈ ಕಡೆಯಿಂದ ನೋಡಿ. ಎನ್‌ಡಿಎಗೆ ಹುಡುಗಿಯರನ್ನು ಯಾಕೆ ತಗೊಳ್ಳಲ್ಲ ಅಂದರೆ, ಅಂಥ ತಯಾರಿ ಆದ ಹುಡುಗಿಯರು ಎಲ್ಲಿದ್ದಾರೆ ಅನ್ನುವ ಮಾತು ಬರುತ್ತದೆ. ತಯಾರಿ ಯಾಕಿಲ್ಲ ಅಂದರೆ ಶಾಲೆ ಇಲ್ಲ. ಶಾಲೆ ಯಾಕಿಲ್ಲ ಅಂದರೆ ಎನ್‌ಡಿಎ ಇಲ್ಲ. ಒಂದು ಬೀಗದ ಕೀಲಿ ಇನ್ನೊಂದು ಬೀಗದ ಒಳಗೆ ಸಿಕ್ಕಿಬಿದ್ದಿತ್ತು.

ಹಾಗಂತ ಸೇನೆಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ ಅಂತಲ್ಲ. ಡಾಕ್ಟರು, ನರ್ಸುಗಳ ವಿಭಾಗ ಬಿಟ್ಟು ಬೇರೆ ವಿಭಾಗಗಳಿಗೂ 1992ರಿಂದ ಮಹಿಳಾ ಅಧಿಕಾರಿಗಳು ಬಂದಿದ್ದಾರೆ. ಆದರೆ ಅವರು ಬರುತ್ತಿದ್ದ ದಾರಿಯೇ ಬೇರೆ. ಡಿಗ್ರಿ ಮುಗಿಸಿ, ಚೆನ್ನೈನ ತರಬೇತಿ ಅಕಾಡೆಮಿಗೆ ಹೋಗಿ, ಗೊತ್ತಾದ ಕೆಲವು ವರ್ಷ ಕೆಲಸ ಮಾಡುವುದು. ಗಂಡುಹುಡುಗನಿಗೆ ಹತ್ತು ಹನ್ನೊಂದನೇ ವಯಸ್ಸಿಗೆ ಸಿಗುತ್ತಿದ್ದ ಮೆಟ್ಟಿಲು ಹುಡುಗಿಗೆ ಸಿಗುತ್ತಿದ್ದುದು ಇಪ್ಪತ್ತು ದಾಟಿದ ಮೇಲೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮಹಿಳಾ ಅಧಿಕಾರಿಗಳಿಗೂ ಖಾಯಂ ಕಮಿಷನ್ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಅಂದರೆ ನಿವೃತ್ತಿಯವರೆಗೂ ಸೇವೆ ಮಾಡಬಹುದು. ಮೇಲಿನ ಗಂಟು ಅಲ್ಲಿ ಸಡಿಲವಾಯಿತು.

ಕೆಳಗಿನ ಗಂಟು ಬಿಚ್ಚುವ ಕೆಲಸ ಅದಕ್ಕೂ ಎರಡು ವರ್ಷ ಮೊದಲೇ ಶುರುವಾಗಿತ್ತು. ಈ ಅನುಕ್ರಮ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಲಕ್ನೋದಲ್ಲಿ ಉತ್ತರ ಪ್ರದೇಶ ಸರ್ಕಾರದ್ದೇ ಒಂದು ಸೈನಿಕ ಶಾಲೆ ಇದೆ. ಅದು ಕೇಂದ್ರದ ಶಾಲೆಗಳಿಗಿಂತಲೂ ಹಳೆಯದು, 1960ರದ್ದು. ಕಾರ್ಗಿಲ್‌ನಲ್ಲಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಕ್ಯಾಪ್ಟನ್ ಮನೋಜ್ ಕುಮಾರ್ ಪಾಂಡೆ ಅಲ್ಲೇ ಓದಿದವರು, ಶಾಲೆಗೆ ಈಗ ಅವರದೇ ಹೆಸರು. 2018ರಲ್ಲಿ ಆ ಶಾಲೆ ಒಂಬತ್ತನೇ ಕ್ಲಾಸಿಗೆ 15 ಹುಡುಗಿಯರನ್ನು ಸೇರಿಸಿಕೊಂಡಿತು. ಅದೇ ವರ್ಷ ಕೇಂದ್ರದ ಸೈನಿಕ ಶಾಲೆಗಳಲ್ಲಿ ಮೊದಲನೆಯದಾಗಿ ಮಿಜೋರಾಂನ ಛಿಂಗ್‌ಛಿಪ್ ಶಾಲೆ ಆರು ಹುಡುಗಿಯರಿಗೆ ಬಾಗಿಲು ತೆರೆಯಿತು. ಪ್ರಯೋಗ ಅಂತಲೇ ಅದನ್ನು ಕರೆದರು.

2018 ಅಂದರೆ ಎನ್‌ಡಿಎ ಇನ್ನೂ ಮುಚ್ಚಿತ್ತು. ಆ ಹುಡುಗಿಯರಿಗೆ ಶಾಲೆ ಸಿಕ್ಕಿತು, ಶಾಲೆ ಯಾವ ಜಾಗಕ್ಕೆ ತಯಾರು ಮಾಡುತ್ತದೋ ಆ ಜಾಗ ಇನ್ನೂ ಸಿಕ್ಕಿರಲಿಲ್ಲ. ಆ ತಂದೆತಾಯಿಯರನ್ನು ನೆನೆಸಿಕೊಂಡರೆ ನನಗೆ ದೊಡ್ಡ ಗೌರವ ಬರುತ್ತದೆ. ಮುಂದೆ ದಾರಿ ಇದೆಯೋ ಇಲ್ಲವೋ ಗೊತ್ತಿಲ್ಲದೆ ಮಗಳನ್ನು ಟ್ರಂಕು ಸಮೇತ ಕಳಿಸಿದವರು ಅವರು.

ಮಿಜೋರಾಂನಲ್ಲೇ ಯಾಕೆ ಶುರು ಮಾಡಿದರು? ನನಗೆ ಅನ್ನಿಸುವುದು ಇಷ್ಟು. ಆ ಶಾಲೆ ತೆರೆದಿದ್ದೇ 2017ರಲ್ಲಿ. ಹೊಸ ಶಾಲೆಯಲ್ಲಿ 'ನಮ್ಮಲ್ಲಿ ಮೊದಲಿನಿಂದ ಹೀಗೇ' ಅನ್ನುವ ಮಾತು ಹುಟ್ಟಲು ಸಮಯವೇ ಸಿಕ್ಕಿರುವುದಿಲ್ಲ. ಐವತ್ತು ವರ್ಷದ ಶಾಲೆಯಲ್ಲಿ ಹಾಗಲ್ಲ. ಗೋಡೆ, ಹಾಡು, ಹಳೇ ವಿದ್ಯಾರ್ಥಿಗಳ ಸಂಘ ಎಲ್ಲವೂ 'ಹುಡುಗರು' ಅಂತಲೇ ಮಾತಾಡುತ್ತಿರುತ್ತವೆ.

ಮುಂದಿನ ಹೆಜ್ಜೆಯಲ್ಲಿ ಕರ್ನಾಟಕದ ಹೆಸರು ಬರುತ್ತದೆ. ನಮ್ಮವರಲ್ಲೇ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. 2020-21ಕ್ಕೆ ಇನ್ನೂ ಐದು ಶಾಲೆಗಳನ್ನು ಆರಿಸಿದರು. ಆಂಧ್ರದ ಕಲಿಕಿರಿ, ಮಹಾರಾಷ್ಟ್ರದ ಚಂದ್ರಾಪುರ, ಉತ್ತರಾಖಂಡದ ಘೋರಾಖಾಲ್, ಮತ್ತೆ ನಮ್ಮ ಕೊಡಗು, ವಿಜಯಪುರ. ಐದರಲ್ಲಿ ಎರಡು ನಮ್ಮವು. ಕಲಿಕಿರಿ, ಚಂದ್ರಾಪುರ, ಕೊಡಗು ಈಚಿನ ಶಾಲೆಗಳು. ಘೋರಾಖಾಲ್ 1966ರದ್ದು, ವಿಜಯಪುರ 1963ರದ್ದು. ಅಂದರೆ ಐದರಲ್ಲಿ ಎಲ್ಲಕ್ಕಿಂತ ಹಳೆಯದು ನಮ್ಮ ವಿಜಯಪುರ. ಅಲ್ಲಿ ಓದಿದ ಹಳೇ ಹುಡುಗರು ತಮ್ಮನ್ನು 'ಅಜೀತ್'ಗಳು ಅಂತ ಕರೆದುಕೊಳ್ಳುತ್ತಾರೆ. 'ಅಜೀತ್ ಹೈಂ, ಅಭೀತ್ ಹೈಂ' ಅನ್ನುವುದು ಶಾಲೆಯ ಘೋಷವಾಕ್ಯ. ಸೋಲದವರು, ಹೆದರದವರು ಅಂತ ಅರ್ಥ. ಸುಮಾರು ಅರವತ್ತು ವರ್ಷ ಗಂಡುದನಿಯಲ್ಲಷ್ಟೇ ಕೇಳಿದ ಆ ಮಾತನ್ನು ಈಗ ಹುಡುಗಿಯರೂ ಹೇಳುತ್ತಾರೆ.

2021-22ಕ್ಕೆ ಅವತ್ತಿದ್ದ ಎಲ್ಲ 33 ಸೈನಿಕ ಶಾಲೆಗಳಿಗೂ ಹುಡುಗಿಯರಿಗೆ ಪ್ರವೇಶ ಸಿಕ್ಕಿತು. ಆ ವರ್ಷದ ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯಿಂದ ಇದನ್ನು ಹೇಳಿದಾಗ ದೇಶಕ್ಕೆಲ್ಲ ತಿಳಿಯಿತು. ಮೂರೇ ದಿನಕ್ಕೆ, ಆಗಸ್ಟ್ 18ಕ್ಕೆ, ಸುಪ್ರೀಂ ಕೋರ್ಟ್ ಎನ್‌ಡಿಎ ಪರೀಕ್ಷೆಗೆ ಹುಡುಗಿಯರೂ ಕೂರಬಹುದು ಅಂತ ಮಧ್ಯಂತರ ಆದೇಶ ಕೊಟ್ಟಿತು. ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಅವರ ಪೀಠ ಅದು. ಇದು ಮನೋಭಾವದ ಸಮಸ್ಯೆ ಅಂತ ಪೀಠ ನೇರವಾಗಿಯೇ ಹೇಳಿತು. ವ್ಯವಸ್ಥೆ ಮಾಡಿಕೊಳ್ಳಲು ಸಮಯ ಬೇಕು, ಮುಂದಿನ ವರ್ಷದಿಂದ ಶುರು ಮಾಡೋಣ ಅಂತ ಸರ್ಕಾರ ಕೇಳಿಕೊಂಡಿತು. ಕೋರ್ಟ್ ಒಪ್ಪಲಿಲ್ಲ.

ಆ ಪರೀಕ್ಷೆ ನಡೆದಿದ್ದು 2021ರ ನವೆಂಬರ್ 14ಕ್ಕೆ. ಅರ್ಜಿ ಹಾಕಿದ ಹುಡುಗಿಯರು 1,77,654. ಬರವಣಿಗೆ ಪರೀಕ್ಷೆ ಪಾಸಾದವರು 1,002. ಅವರಿಗಿದ್ದ ಸೀಟು 19. ಭೂಸೇನೆಗೆ 10, ವಾಯುಪಡೆಗೆ 6, ನೌಕಾಪಡೆಗೆ 3. ತಯಾರಿಯಾದ ಹುಡುಗಿಯರು ಎಲ್ಲಿದ್ದಾರೆ ಅಂತ ಇಷ್ಟು ವರ್ಷ ಕೇಳುತ್ತಿದ್ದರಲ್ಲ, ಉತ್ತರ ಇಲ್ಲಿದೆ. ಆ 19 ಮಂದಿಯಲ್ಲಿ 17 ಹುಡುಗಿಯರು ಮೂರು ವರ್ಷದ ತರಬೇತಿ ಮುಗಿಸಿ 2025ರ ಮೇ 30ರಂದು ಖಡಕ್‌ವಾಸ್ಲಾದ ಮೈದಾನದಲ್ಲಿ ಹುಡುಗರ ಜೊತೆ ಹೆಜ್ಜೆ ಹಾಕಿ ಹೊರಬಂದರು. ಆ ಪರೇಡ್ ವೀಕ್ಷಿಸಿದ್ದು ಮಿಜೋರಾಂ ರಾಜ್ಯಪಾಲರಾದ ಜನರಲ್ ವಿ.ಕೆ. ಸಿಂಗ್. ಯೋಗಾಯೋಗವೇ ಇರಬಹುದು. ಆದರೆ ಆರು ಹುಡುಗಿಯರ ಛಿಂಗ್‌ಛಿಪ್ ಕಥೆ ಗೊತ್ತಿದ್ದ ನನಗೆ ಆ ಸುದ್ದಿ ಓದುವಾಗ ಗಂಟಲು ತುಂಬಿ ಬಂತು.

ಲಕ್ನೋ ಹುಡುಗಿಯರ ಲೆಕ್ಕವನ್ನೂ ಹಾಕಿ ನೋಡಿ. 2018ರಲ್ಲಿ ಒಂಬತ್ತನೇ ಕ್ಲಾಸು ಅಂದರೆ 2021ರ ನವೆಂಬರಿಗೆ ಹನ್ನೆರಡನೇ ಕ್ಲಾಸು. ಅವರು ಪರೀಕ್ಷೆಗೆ ಕೂರುವ ವಯಸ್ಸಿಗೆ ಸರಿಯಾಗಿ ಬಾಗಿಲು ತೆರೆಯಿತು. ಒಂದು ವರ್ಷ ತಡವಾಗಿದ್ದರೂ ಅವರ ಪಾಲಿಗೆ ಅದು ಸಿಗುತ್ತಿತ್ತೋ ಇಲ್ಲವೋ.

ಉಳಿದ ಶಾಲೆಗಳೂ ಹಿಂದೆಯೇ ಬಂದವು. ಡೆಹ್ರಾಡೂನಿನ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಓದಿದ ಜಾಗ, ತನ್ನ ನೂರನೇ ವರ್ಷವಾದ 2022ರಲ್ಲಿ ಮೊದಲ ಸಲ ಹುಡುಗಿಯರನ್ನು ತೆಗೆದುಕೊಂಡಿತು. ಬೆಳಗಾವಿ, ಬೆಂಗಳೂರಿನವೂ ಸೇರಿದಂತೆ ಐದು ರಾಷ್ಟ್ರೀಯ ಮಿಲಿಟರಿ ಶಾಲೆಗಳಿಗೂ ಆ ವರ್ಷದಿಂದಲೇ ಹುಡುಗಿಯರು ಬಂದರು.

ಇನ್ನು ಸೀಟಿನ ವಿಷಯ. ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ನಿಯಮ ಸರಳ. ಆರನೇ ಕ್ಲಾಸಿನ ಸೀಟಿನಲ್ಲಿ ಶೇಕಡಾ 10, ಇಲ್ಲವೇ 10 ಸೀಟು, ಯಾವುದು ಹೆಚ್ಚೋ ಅದು ಹುಡುಗಿಯರಿಗೆ. 80 ಸೀಟಿನ ಕ್ಲಾಸಾದರೆ ಶೇಕಡಾ 10 ಅಂದರೆ 8, ಹಾಗಾಗಿ 10 ಕೊಡುತ್ತಾರೆ. 100 ಸೀಟು ಇದ್ದರೂ 10. ಲೆಕ್ಕ ಹತ್ತರ ಸುತ್ತಲೇ ತಿರುಗುತ್ತದೆ. ಈ ಹತ್ತನ್ನೂ ಹಾಗೇ ಇಡುವುದಿಲ್ಲ. ಶೇಕಡಾ 67 ಶಾಲೆ ಇರುವ ರಾಜ್ಯದವರಿಗೆ, 33 ಹೊರಗಿನವರಿಗೆ. ಅದರಲ್ಲಿ ಮತ್ತೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಸೈನಿಕರ ಮಕ್ಕಳು, ಸಾಮಾನ್ಯ ವರ್ಗ ಅಂತ ಹಂಚಿಕೆ. ಹತ್ತು ರೊಟ್ಟಿಯನ್ನು ಅಷ್ಟು ತಟ್ಟೆಗೆ ಹಾಕಿದರೆ ಒಂದೊಂದು ತಟ್ಟೆಗೆ ಬರುವುದು ಒಂದೋ ಎರಡೋ. ಹಾಗಾಗಿ ಒಂದು ವರ್ಗದಲ್ಲಿ ಒಬ್ಬಳು ತುಂಬಾ ಜಾಣ ಹುಡುಗಿ ಬರೆದರೆ ಕಟ್‌ಆಫ್ ಒಮ್ಮೆಲೇ ಮೇಲೆ ಹೋಗುತ್ತದೆ. ಹೋದ ವರ್ಷ ಇಷ್ಟಕ್ಕೆ ಸಿಕ್ಕಿತ್ತು ಅನ್ನುವ ಮಾತನ್ನು ಹುಡುಗಿಯರ ವಿಷಯದಲ್ಲಿ ಅಷ್ಟಾಗಿ ನಂಬಬೇಡಿ.

ಪರೀಕ್ಷೆಗೆ ಅಖಿಲ ಭಾರತ ಸೈನಿಕ ಶಾಲಾ ಪ್ರವೇಶ ಪರೀಕ್ಷೆ ಅಂತ ಹೆಸರು. ಈಗ ನೀಟ್, ಜೆಇಇ ನಡೆಸುವ ಎನ್‌ಟಿಎನೇ ಇದನ್ನೂ ನಡೆಸುತ್ತದೆ. ಆರನೇ ಕ್ಲಾಸಿಗೆ 125 ಪ್ರಶ್ನೆ, 300 ಅಂಕ, ಎರಡೂವರೆ ಗಂಟೆ. 300ರಲ್ಲಿ 150 ಗಣಿತಕ್ಕೇ. ಉಳಿದದ್ದು ಬುದ್ಧಿಶಕ್ತಿ, ಭಾಷೆ, ಸಾಮಾನ್ಯ ಜ್ಞಾನಕ್ಕೆ ತಲಾ 50. ಮಾರ್ಚ್ 31ಕ್ಕೆ ಮಗುವಿಗೆ 10 ತುಂಬಿರಬೇಕು, 12 ದಾಟಿರಬಾರದು. ಎಲ್ಲಕ್ಕಿಂತ ಮುಖ್ಯ, ಆರನೇ ಕ್ಲಾಸಿನ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಒಂಬತ್ತನೇ ಕ್ಲಾಸಿನದ್ದು ಇಂಗ್ಲಿಷ್‌ನಲ್ಲಿ ಮಾತ್ರ. ಅದೂ ಹುಡುಗಿಯರಿಗೆ ಮೊದಮೊದಲು ಇರಲಿಲ್ಲ, ಈಚೆಗೆ ಸೀಟು ಖಾಲಿ ಇದ್ದರೆ ಅಂತ ಸೇರಿಸಿದ್ದಾರೆ. ಹಾಗಾಗಿ ಕನ್ನಡ ಶಾಲೆಯ ಹುಡುಗಿಗೆ ನಿಜವಾದ ಅವಕಾಶ ಐದನೇ ಕ್ಲಾಸಿನಲ್ಲಿದ್ದಾಗಲೇ. ಆ ವರ್ಷ ತಪ್ಪಿಸಬೇಡಿ.

ಸೈನಿಕ ಶಾಲೆಗೆ ಸೇರಿದರೆ ಎನ್‌ಡಿಎ ಸೀಟು ಕೈಗೆ ಬಂದ ಹಾಗೆ ಅಂತಲೂ ಅಂದುಕೊಳ್ಳಬೇಡಿ. ಹನ್ನೆರಡನೇ ಕ್ಲಾಸಿನಲ್ಲಿ ಯುಪಿಎಸ್‌ಸಿ ಪರೀಕ್ಷೆ, ಆಮೇಲೆ ಎಸ್‌ಎಸ್‌ಬಿ ಅನ್ನುವ ಸೇನೆಯ ಆಯ್ಕೆ ಮಂಡಳಿಯ ಸಂದರ್ಶನ, ಮೆಡಿಕಲ್, ಎಲ್ಲರ ಹಾಗೆ ಇವರೂ ದಾಟಬೇಕು. ಸೇನೆ ಬೇಡ ಅಂದರೆ ಎಂಜಿನಿಯರಿಂಗೋ ಮೆಡಿಕಲ್ಲೋ ಓದುವವರೂ ಇದ್ದಾರೆ. ಶಾಲೆ ಕೊಡುವುದು ತಯಾರಿ.

ಈಗ ನನಗೆ ಬಹಳ ಕಾಡುವ ಭಾಗಕ್ಕೆ ಬರುತ್ತೇನೆ. ಹುಡುಗರ ವಸತಿ ಶಾಲೆಗೆ ಹುಡುಗಿಯರನ್ನು ಸೇರಿಸುವುದು ಅಂದರೆ ಏನೇನು ಬದಲಾಗಬೇಕು? ಪಾಠದ ವಿಷಯದಲ್ಲಿ ಹೆಚ್ಚೇನಿಲ್ಲ. ಕ್ಲಾಸ್‌ರೂಮಿನಲ್ಲಿ ಬೆಂಚು ಹಾಕಿದರೆ ಮುಗಿಯಿತು. ಕ್ಲಾಸು ಬಿಟ್ಟ ಮೇಲೆ ಉಳಿಯುವ ಹದಿನೇಳು ಹದಿನೆಂಟು ತಾಸು ಇದೆಯಲ್ಲ, ಕೆಲಸ ಇರುವುದು ಅಲ್ಲಿ.

ಮಲಗುವ ಜಾಗ ಬೇರೆ ಇರಬೇಕು, ಇದು ಎಲ್ಲರಿಗೂ ಹೊಳೆಯುತ್ತದೆ. ರಾತ್ರಿ ಅಲ್ಲೇ ಇರುವ ಮಹಿಳಾ ವಾರ್ಡನ್ ಬೇಕು. ಬೆಳಿಗ್ಗೆ ಪಿ.ಟಿ. ಮಾಡಿಸುವವರಲ್ಲಿ ಒಬ್ಬರಾದರೂ ಹೆಂಗಸರಿರಬೇಕು. ಆಸ್ಪತ್ರೆ ಕೋಣೆಯಲ್ಲಿ ನರ್ಸ್ ಇರಬೇಕು. ಆದರೆ ಸಣ್ಣ ಸಣ್ಣ ವಿಷಯ ಎಷ್ಟಿವೆ ನೋಡಿ. ಶಾಲೆಯ ಮೈದಾನ ದೊಡ್ಡದು. ಹುಡುಗಿಯರ ಶೌಚಾಲಯ ಹಾಸ್ಟೆಲಿನಲ್ಲಿ ಮಾತ್ರ ಇದ್ದರೆ ಆಟದ ಹೊತ್ತಿನಲ್ಲಿ ಅವಳು ಅಷ್ಟು ದೂರ ಓಡಬೇಕು, ಇಲ್ಲವೇ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಹನ್ನೊಂದು ಹನ್ನೆರಡರ ವಯಸ್ಸು. ಎಷ್ಟೋ ಹುಡುಗಿಯರು ಮೊದಲ ಸಲ ಮುಟ್ಟಾಗುವುದು ಹಾಸ್ಟೆಲಿನಲ್ಲೇ. ಅವತ್ತು ಬೆಳಿಗ್ಗೆ ಪಿ.ಟಿ.ಗೆ ಬರಲ್ಲ ಅಂತ ಯಾರಿಗೆ ಹೇಳಬೇಕು, ಎಲ್ಲರೆದುರು ಹೇಳಬೇಕಾ, ಪ್ಯಾಡು ಎಲ್ಲಿ ಸಿಗುತ್ತದೆ, ಬಳಸಿದ್ದನ್ನು ಎಲ್ಲಿ ಹಾಕಬೇಕು. ಇದನ್ನೆಲ್ಲ ಮೊದಲೇ ಯೋಚಿಸಿಟ್ಟ ಶಾಲೆಯಲ್ಲಿ ಮಗು ನೆಮ್ಮದಿಯಾಗಿರುತ್ತದೆ. ಮಗಳನ್ನು ಬಿಡಲು ಹೋದಾಗ ಕಟ್ಟಡ ನೋಡಿ ಬರಬೇಡಿ, ಈ ಪ್ರಶ್ನೆ ಕೇಳಿ ಬನ್ನಿ. ಕೇಳುವುದಕ್ಕೆ ನಾಚಿಕೆ ಬೇಡ.

ಇನ್ನೊಂದು ಸಂಗತಿ ಹೊರಗಿನವರಿಗೆ ಕಾಣುವುದಿಲ್ಲ. ಸೈನಿಕ ಶಾಲೆ ನಡೆಯುವುದು ಹೌಸ್‌ಗಳ ಮೇಲೆ, ಅಂದರೆ ಮಕ್ಕಳನ್ನು ಹಂಚಿ ಮಾಡಿದ ಗುಂಪುಗಳ ಮೇಲೆ. ವಿಜಯಪುರದಲ್ಲಿ ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ ಅಂತೆಲ್ಲ ರಾಜವಂಶಗಳ ಹೆಸರು. ಮಲಗುವುದು, ಆಡುವುದು, ಗೆಲ್ಲುವುದು, ಸೋಲುವುದು ಎಲ್ಲ ಹೌಸ್ ಲೆಕ್ಕದಲ್ಲೇ. ಹೊಸದಾಗಿ ಬಂದ ಆರನೇ ಕ್ಲಾಸಿನ ಹುಡುಗನಿಗೆ ಕಲಿಸುವುದು ಮೇಷ್ಟ್ರಿಗಿಂತ ಜಾಸ್ತಿ ಸೀನಿಯರ್‌ಗಳು. ಹಾಸಿಗೆ ಹೇಗೆ ಮಡಚಬೇಕು, ಬೂಟಿಗೆ ಪಾಲಿಶ್ ಹೇಗೆ ಹಾಕಬೇಕು, ಮನೆ ನೆನಪಾಗಿ ಅಳು ಬಂದರೆ ಎಲ್ಲಿ ಹೋಗಿ ಕೂರಬೇಕು, ಇದೆಲ್ಲ ಅಣ್ಣಂದಿರಿಂದ ತಮ್ಮಂದಿರಿಗೆ ಬರುವ ವಿದ್ಯೆ.

ಮೊದಲ ಬ್ಯಾಚಿನ ಹುಡುಗಿಯರಿಗೆ ಅಕ್ಕಂದಿರೇ ಇರಲಿಲ್ಲ. ನೂರಾರು ಅಣ್ಣಂದಿರಿದ್ದ ಶಾಲೆಯಲ್ಲಿ ಜಡೆ ಹಾಕುವುದನ್ನೋ, ಕೂದಲು ಕತ್ತರಿಸಿಕೊಂಡರೆ ಅಮ್ಮನಿಗೆ ಏನು ಹೇಳುವುದು ಅನ್ನುವುದನ್ನೋ ಕೇಳುವುದಕ್ಕೆ ಒಬ್ಬಳೂ ಸೀನಿಯರ್ ಇಲ್ಲ. ಅವರೇ ಶಾಲೆಯ ಚಿಕ್ಕವರು, ಹುಡುಗಿಯರ ಪೈಕಿ ಅವರೇ ದೊಡ್ಡವರು. ಹೌಸ್‌ಗಳ ನಡುವೆ ಪಂದ್ಯ ಆದಾಗ ಅವರನ್ನು ಎಲ್ಲಿ ಸೇರಿಸಬೇಕು ಅನ್ನುವುದೂ ತಲೆನೋವೇ. ಹುಡುಗಿಯರದ್ದೇ ಒಂದು ಹೌಸ್ ಮಾಡಿದರೆ ಹನ್ನೊಂದು ವರ್ಷದವರು ಹದಿನೇಳರ ಹುಡುಗರ ಎದುರು ಓಡಬೇಕು. ಹುಡುಗರ ಹೌಸ್‌ಗಳಿಗೆ ಹಂಚಿದರೆ ಹೌಸಿಗೆ ಇಬ್ಬರಂತೆ ಚದುರಿಹೋಗುತ್ತಾರೆ. ಹತ್ತೇ ಮಂದಿ ಇದ್ದಾಗ ಹೇಗೆ ಮಾಡಿದರೂ ಕಷ್ಟ.

ಇದು ಸರಿಹೋಗುವುದು ವರ್ಷಗಳ ಮೇಲೆ ವರ್ಷ ಕಳೆದಂತೆ ಮಾತ್ರ. ವಿಜಯಪುರ, ಕೊಡಗಿನಲ್ಲಿ 2020-21ರಲ್ಲಿ ಆರನೇ ಕ್ಲಾಸಿಗೆ ಬಂದವರು ಹನ್ನೆರಡಕ್ಕೆ ಬರುವುದು 2026-27ರಲ್ಲಿ. ಆರರಿಂದ ಹನ್ನೆರಡರ ತನಕ ಎಲ್ಲ ಕ್ಲಾಸಿನಲ್ಲೂ ಹುಡುಗಿಯರಿರುವ ಮೊದಲ ವರ್ಷ ಅದು. ಅವರ ಮೊದಲ ವರ್ಷವಂತೂ ಕೋವಿಡ್ ಕಾಲ, ಶಾಲೆಗಳೆಲ್ಲ ಮುಚ್ಚಿದ್ದವು. ಹೊಸ ಜಾಗಕ್ಕೆ ಹೊಂದಿಕೊಳ್ಳಬೇಕಾದ ಕಾಲದಲ್ಲಿ ಮಕ್ಕಳೆಲ್ಲ ಫೋನಿನ ಪರದೆ ನೋಡುತ್ತಾ ಕೂತಿದ್ದರು.

ಹುಡುಗರಿಗೆ ಇದರಿಂದ ಏನು? ತುಂಬಾ ಇದೆ. ಹನ್ನೊಂದನೇ ವಯಸ್ಸಿನಿಂದ ಹದಿನೆಂಟರ ತನಕ ಹೆಣ್ಣುಮಕ್ಕಳ ಜೊತೆ ಕೂತು ಓದದೆ, ಆಡದೆ, ವಾದ ಮಾಡಿ ಸೋಲದೆ ಬೆಳೆದವನು ಮುಂದೆ ಮಹಿಳಾ ಅಧಿಕಾರಿಯ ಕೈಕೆಳಗೆ ಕೆಲಸ ಮಾಡಬೇಕಾಗಿ ಬಂದರೆ ಅದನ್ನೂ ಹೊಸದಾಗಿ ಕಲಿಯಬೇಕು. ಆರನೇ ಕ್ಲಾಸಿನಲ್ಲಿ ಎಷ್ಟೋ ಹುಡುಗಿಯರು ಹುಡುಗರಿಗಿಂತ ಒಂದು ಕೈ ಎತ್ತರವೇ ಇರುತ್ತಾರೆ. ಬೆಳಗಿನ ಓಟದಲ್ಲಿ ಅವಳು ಮುಂದೆ ಹೋಗುವುದನ್ನು ನೋಡುತ್ತಾ ಬೆಳೆದ ಹುಡುಗನಿಗೆ ಆ ಪಾಠವನ್ನು ಯಾರೂ ಭಾಷಣ ಮಾಡಿ ಹೇಳಬೇಕಾಗಿಲ್ಲ.

ಎಲ್ಲ ಶಾಲೆಗಳನ್ನೂ ಹೀಗೇ ಕೂಡಿಸಬೇಕು ಅಂತ ನಾನು ಹೇಳುತ್ತಿಲ್ಲ. 2022ರ ಜುಲೈನಲ್ಲಿ ಕೇರಳದ ಮಕ್ಕಳ ಹಕ್ಕುಗಳ ಆಯೋಗ ಹುಡುಗರ ಶಾಲೆ, ಹುಡುಗಿಯರ ಶಾಲೆ ಅನ್ನುವುದನ್ನೇ ನಿಲ್ಲಿಸಿ ಎಲ್ಲವನ್ನೂ ಒಂದು ಮಾಡಿ ಅಂತ ಆದೇಶ ಮಾಡಿತ್ತು. ಅಲ್ಲಿ ಆಗ 280 ಹುಡುಗಿಯರ ಶಾಲೆ, 164 ಹುಡುಗರ ಶಾಲೆ ಇದ್ದವು. ಹುಡುಗರ ಶಾಲೆಗೆ ಹುಡುಗಿಯರನ್ನು ಬಿಡುವುದೂ ಹುಡುಗಿಯರ ಶಾಲೆಗೆ ಹುಡುಗರನ್ನು ಬಿಡುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ಮುಚ್ಚಿದ ಅವಕಾಶ ತೆರೆಯುತ್ತದೆ. ಎರಡನೆಯದರಲ್ಲಿ, ಹುಡುಗಿಯರ ಶಾಲೆ ಅಂತಲೇ ಮಗಳನ್ನು ಕಳಿಸುತ್ತಿದ್ದ ಅಪ್ಪ ಹತ್ತನೇ ಕ್ಲಾಸಿಗೇ ಸಾಕು ಅನ್ನಬಹುದು. ನಮ್ಮ ತಾಲೂಕು ಊರುಗಳ ಬಾಲಕಿಯರ ಪಿಯು ಕಾಲೇಜುಗಳಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಯರನ್ನು ಮಾತಾಡಿಸಿದರೆ ಇದು ಗೊತ್ತಾಗುತ್ತದೆ.

ಕಿತ್ತೂರಿನ ಉದಾಹರಣೆ ಇಲ್ಲೇ ಇದೆ. ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನ ಹುಡುಗಿಯರ ಸೈನಿಕ ವಸತಿ ಶಾಲೆ 1969ರಿಂದ ನಡೆಯುತ್ತಿದೆ. ಅದು ಕೇಂದ್ರದ ಸೈನಿಕ ಶಾಲೆಗಳ ಸಂಘಕ್ಕೆ ಸೇರಿದ್ದಲ್ಲ, ಆದರೂ ಡ್ರಿಲ್ಲು, ಕುದುರೆ ಸವಾರಿ, ಶಿಸ್ತು ಎಲ್ಲ ಅದೇ ಮಾದರಿ. 2024ರ ಜನವರಿ 1ರಂದು ವೃಂದಾವನದಲ್ಲಿ ಹುಡುಗಿಯರದ್ದೇ ಸೈನಿಕ ಶಾಲೆ ಉದ್ಘಾಟನೆಯಾದಾಗ ದೇಶದಲ್ಲೇ ಮೊದಲನೆಯದು ಅಂತ ಸುದ್ದಿಯಾಯಿತು. ಸೈನಿಕ ಶಾಲೆಗಳ ಸಂಘದ ಲೆಕ್ಕದಲ್ಲಿ ಅದು ಸರಿ ಇರಬಹುದು. ಆದರೆ ಅದಕ್ಕೂ ಐವತ್ತೈದು ವರ್ಷ ಮೊದಲೇ ನಮ್ಮ ಕಿತ್ತೂರಿನ ಹುಡುಗಿಯರು ಹೆಜ್ಜೆ ಹಾಕುತ್ತಿದ್ದರು ಅನ್ನುವುದನ್ನು ಕನ್ನಡದವರಾದರೂ ನೆನಪಿಡಬೇಕು, ಅಲ್ವಾ?

ನನ್ನ ತಕರಾರು ಒಂದೇ. ಹತ್ತು ಸಾಲದು. ನವೋದಯ ಶಾಲೆಗಳನ್ನು ನೋಡಿ. ಅವೂ ಆರನೇ ಕ್ಲಾಸಿನಿಂದ ಹನ್ನೆರಡರವರೆಗಿನ ವಸತಿ ಶಾಲೆಗಳೇ. ಅಲ್ಲಿ ಹುಡುಗಿಯರಿಗೆ ಕನಿಷ್ಠ ಮೂರನೇ ಒಂದು ಭಾಗ. 80 ಮಕ್ಕಳಲ್ಲಿ ಸುಮಾರು 27 ಹುಡುಗಿಯರು. ಅಷ್ಟು ಜನ ಇದ್ದಾಗ ಹುಡುಗಿಯರಲ್ಲೇ ಜಗಳ, ಗೆಳೆತನ, ಎರಡು ಕಬಡ್ಡಿ ಟೀಮು, ಎಲ್ಲ ಹುಟ್ಟುತ್ತವೆ. ಹತ್ತು ಜನ ಇದ್ದಾಗ ಒಬ್ಬೊಬ್ಬಳೂ 'ಹುಡುಗಿಯರ ಪರವಾಗಿ' ಗೆಲ್ಲಬೇಕಾಗುತ್ತದೆ. ಒಬ್ಬಳು ಓಟದಲ್ಲಿ ಹಿಂದೆ ಬಿದ್ದರೆ ಹುಡುಗಿಯರಿಗೆ ಆಗಲ್ಲ ಅನ್ನುವ ಮಾತು ಬರುತ್ತದೆ. ಅದೇ ಹುಡುಗ ಹಿಂದೆ ಬಿದ್ದರೆ ಅವನಿಗೆ ಆಗಲಿಲ್ಲ ಅನ್ನುತ್ತಾರೆ ಅಷ್ಟೇ. ಮೊದಲ ಕೆಲವು ವರ್ಷಕ್ಕೆ, ಹಾಸ್ಟೆಲು ಕಟ್ಟಿಕೊಳ್ಳುವವರೆಗೆ, ಹತ್ತು ಅನ್ನುವುದು ಸರಿ. ಅದೇ ಖಾಯಂ ಆಗಬಾರದು. 19 ಸೀಟಿಗೆ 1,002 ಮಂದಿ ಪಾಸಾಗಿ ನಿಂತಿದ್ದು ಮರೆಯುವ ಲೆಕ್ಕವಲ್ಲ.

ಹೋದ ವಾರ ಅಕ್ಕನ ಮನೆಗೆ ಹೋಗಿದ್ದೆ. ಚಿಕ್ಕವಳು ಅಡುಗೆಮನೆ ಹೊಸ್ತಿಲ ಹತ್ತಿರ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಓಎಂಆರ್ ಹಾಳೆಯ ಜೆರಾಕ್ಸ್, ಕೈಯಲ್ಲಿ ಕಪ್ಪು ಪೆನ್ನು. ಗೋಳ ತುಂಬುವಾಗ ನಾಲಿಗೆ ತುದಿ ಹೊರಗೆ ಬರುತ್ತದೆ ಆಕೆಗೆ. ಪಕ್ಕದಲ್ಲಿ ದೊಡ್ಡವಳು ಮೊಬೈಲಿನಲ್ಲಿ ಟೈಮ್ ನೋಡುತ್ತಾ, "ಇನ್ನ ಹತ್ತ ನಿಮಿಷ ನೋಡು" ಅನ್ನುತ್ತಿದ್ದಳು. ದೊಡ್ಡವಳು ಈಗ ಡಿಗ್ರಿ ಓದುತ್ತಿದ್ದಾಳೆ. ತಂಗಿಗೆ ಗಣಿತ ಹೇಳಿಕೊಡುವುದು ಅವಳೇ.

ಪೇಪರ್ ಮುಗಿಸಿ ಚಿಕ್ಕವಳು ನನ್ನ ಕಡೆ ತಿರುಗಿ, "ಮಾಮಾ, ಅಲ್ಲಿ ದೊಡ್ಡ ಹುಡುಗ್ಯಾರು ಅದಾರೇನು?" ಅಂತ ಕೇಳಿದಳು.

ಬೆರಳು ಮಡಚಿ ಎಣಿಸಿದೆ. ಈಕೆ ಪಾಸಾಗಿ ಹೋಗುವ ಹೊತ್ತಿಗೆ ಮೊದಲ ಬ್ಯಾಚಿನವರು ಹನ್ನೆರಡನೇ ಕ್ಲಾಸು.

"ಅದಾರವ್ವಾ," ಅಂದೆ. "ಎಲ್ಲಾ ಕ್ಲಾಸಿನ್ಯಾಗೂ ಅದಾರ."

ಆಕೆ ತಲೆಯಾಡಿಸಿ ಮುಂದಿನ ಪ್ರಶ್ನೆಪತ್ರಿಕೆ ತೆಗೆದಳು.